ಗೋವಾಕ್ಕೆ ಹೋಗಿ ಅಪ್ಪನನ್ನು ನೋಡಿ ಬಂದೆ

ಗೋವಾಕ್ಕೆ ಹೋಗುತ್ತೇವೆ ಎಂದರೆ ಯಾರ ಮನೆಯಲ್ಲೂ ಒಪ್ಪುವುದಿಲ್ಲ. ಇದು ಹಾಸ್ಟೆಲ್‌ನಲ್ಲಿ ಇರುವ ಎಲ್ಲರಿಗೂ ಗೊತ್ತಿರುವ ಸತ್ಯ. ಹಾಗಾಗಿ ನಾಲ್ಕನೇ ಸೆಮಿಸ್ಟರ್‌ನ ಕೊನೆಯ ಪೇಪರ್ ಮುಗಿದ ದಿನ ನಾವು ಐವರೂ ನಮ್ಮ ನಮ್ಮ ಮನೆಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆವು: ‘ಹಳೆ ಗೋವಾದ ಚರ್ಚುಗಳನ್ನು ನೋಡೋಕೆ ಹೊಂಟೀವಿ. ಸಿವಿಲ್ ಎಂಜಿನಿಯರಿಂಗ್‌ನವರು ಹಳೆ ಕಟ್ಟಡ ನೋಡಬೇಕಂತ ಸರ್ ಹೇಳ್ಯಾರ.’

ಸರ್ ಹಾಗೇನೂ ಹೇಳಿರಲಿಲ್ಲ. ನಮ್ಮ ಪ್ಲಾನ್‌ನಲ್ಲಿ ಇದ್ದದ್ದು ಬೀಚ್, ಬಾಡಿಗೆ ಸ್ಕೂಟರ್ ಮತ್ತು ಒಂದಷ್ಟು ರೀಲ್ಸ್ ಮಾತ್ರ.

ಆದರೆ ಅದು ಆಗಸ್ಟ್ ತಿಂಗಳು. ಹುಬ್ಬಳ್ಳಿಯಲ್ಲಿ ಬಸ್ ಹತ್ತಿದಾಗ ಜಿಟಿಜಿಟಿ ಇದ್ದ ಮಳೆ ಘಟ್ಟ ಇಳಿಯುವಷ್ಟರಲ್ಲಿ ಕೊಡ ಬಗ್ಗಿಸಿದಂತೆ ಸುರಿಯತೊಡಗಿತ್ತು. ಬೀಚ್‌ಗೆ ಹೋದರೆ ಅಲ್ಲಿ ಕೆಂಪು ಬಾವುಟ. ಮೊಣಕಾಲುದ್ದ ನೀರಿಗೆ ಇಳಿದರೂ ಲೈಫ್‌ಗಾರ್ಡ್ ಸೀಟಿ ಊದುತ್ತಿದ್ದ. ಮೊದಲ ದಿನ ಪೂರ್ತಿ ರೂಮಿನಲ್ಲಿ ಇಸ್ಪೀಟು ಆಡಿದೆವು. ಎರಡನೇ ದಿನ ಬೆಳಿಗ್ಗೆಯೂ ಮಳೆ ನಿಲ್ಲಲಿಲ್ಲ. ಗೆಳೆಯರು ಹೊದಿಕೆ ಎಳೆದುಕೊಂಡು ಮಲಗಿದರು. ನನಗೆ ಮಲಗಲಾಗಲಿಲ್ಲ. ಮನೆಗೆ ಹೇಳಿದ ಸುಳ್ಳನ್ನಾದರೂ ನಿಜ ಮಾಡೋಣ ಎಂದುಕೊಂಡು ಒಬ್ಬನೇ ಛತ್ರಿ ಹಿಡಿದು ಪಣಜಿ ಬಸ್ ನಿಲ್ದಾಣಕ್ಕೆ ಹೋಗಿ ಹಳೆ ಗೋವಾದ ಬಸ್ ಹತ್ತಿದೆ.

ಜನ ಬಿಟ್ಟು ಹೋದ ರಾಜಧಾನಿ

ಹಳೆ ಗೋವಾ ಈಗ ಊರು ಅನ್ನಿಸುವುದಿಲ್ಲ. ಮಂಡೋವಿ ನದಿಯ ದಂಡೆ, ತೆಂಗಿನ ಮರ, ಹುಲ್ಲುಹಾಸು, ಅದರ ನಡುವೆ ಅಲ್ಲೊಂದು ಇಲ್ಲೊಂದು ಬೆಟ್ಟದಂಥ ಚರ್ಚು. ಮನೆಗಳೇ ಕಡಿಮೆ. ಆದರೆ ಒಂದು ಕಾಲದಲ್ಲಿ ಇದನ್ನು ‘ಪೂರ್ವದ ರೋಮ್’ ಎಂದು ಕರೆಯುತ್ತಿದ್ದರು. ಗೋವಾ ನೋಡಿದವನು ಲಿಸ್ಬನ್ ನೋಡಬೇಕಾಗಿಲ್ಲ ಎಂಬ ಗಾದೆಯೇ ಪೋರ್ಚುಗೀಸರಲ್ಲಿತ್ತು.

ನಮಗೂ ಈ ಊರಿಗೂ ನಂಟಿದೆ. 1510ರಲ್ಲಿ ಅಫೊನ್ಸೊ ಡಿ ಅಲ್ಬುಕರ್ಕ್ ಈ ನಗರವನ್ನು ಗೆದ್ದುಕೊಂಡದ್ದು ನಮ್ಮ ವಿಜಯಪುರದ ಆದಿಲ್‌ಶಾಹಿಗಳಿಂದ. ಆದಿಲ್‌ಶಾಹಿ ಅರಮನೆಯದು ಎನ್ನುವ ಒಂದು ಕಲ್ಲಿನ ಬಾಗಿಲು ಚೌಕಟ್ಟು ಇನ್ನೂ ಅಲ್ಲಿ ಒಂಟಿಯಾಗಿ ನಿಂತಿದೆ. ಹಿಂದೆ ಅರಮನೆ ಇಲ್ಲ, ಬಾಗಿಲು ಮಾತ್ರ. ಆಮೇಲೆ ಸಾಂಕ್ರಾಮಿಕ ರೋಗಗಳು ಬಂದವು. ಜನ ಊರು ಬಿಟ್ಟರು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. 1986ರಲ್ಲಿ ಯುನೆಸ್ಕೊ ಇಲ್ಲಿನ ಚರ್ಚುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಹೋದದ್ದು ಬಾಮ್ ಜೀಸಸ್ ಬೆಸಿಲಿಕಾಗೆ. ಎಲ್ಲ ಚರ್ಚುಗಳೂ ಬೆಳ್ಳಗಿದ್ದರೆ ಇದೊಂದು ಮಾತ್ರ ಕೆಂಪಗೆ ಇದೆ. ಇದೂ ಮೊದಲು ಗಾರೆ ಹಚ್ಚಿಕೊಂಡೇ ಇತ್ತು, 1950ರ ದಶಕದಲ್ಲಿ ಅದನ್ನು ಕೆರೆದು ತೆಗೆದರು. ಸಿವಿಲ್ ಓದುವವರಿಗೆ ಇದು ಕುತೂಹಲದ ವಿಷಯ. ಇಲ್ಲಿನ ಕಟ್ಟಡಗಳೆಲ್ಲ ಕೆಂಪು ಮುರಕಲ್ಲಿನವು. ಮುರಕಲ್ಲು ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ಸಣ್ಣ ಸಣ್ಣ ತೂತು, ನೀರು ಕುಡಿಯುತ್ತದೆ. ಸುಣ್ಣದ ಗಾರೆ ಅದಕ್ಕೆ ರೇನ್‌ಕೋಟ್ ಇದ್ದಂತೆ. ಆ ಕೋಟು ಕಳಚಿದ ಮೇಲೆ ಗೋಡೆ ಪ್ರತಿ ಮಳೆಗಾಲವೂ ನೆನೆಯುತ್ತಿದೆ, ಮತ್ತೆ ಗಾರೆ ಹಚ್ಚಬೇಕೇ ಬೇಡವೇ ಎಂಬ ಚರ್ಚೆ ನಡೆದೇ ಇದೆ. ಸುರಿಯುವ ಮಳೆಯಲ್ಲಿ ಆ ಕೆಂಪು ಗೋಡೆಯನ್ನು ನೋಡುತ್ತ ನಿಂತಾಗ ಪಾಪ ಅನ್ನಿಸಿತು.

ಒಳಗೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವಿದೆ. ಕೆಳಗೆ ಇಟಲಿಯ ಅಮೃತಶಿಲೆಯ ಪೀಠ, ಮೇಲೆ ಬೆಳ್ಳಿಯ ಪೆಟ್ಟಿಗೆ. ಪ್ರವಾಸಿಗರ ಗುಂಪೊಂದಕ್ಕೆ ಗೈಡ್ ವಿವರಿಸುತ್ತಿದ್ದರು. ನಾನೂ ಹಿಂದೆ ನಿಂತು ಕೇಳಿಸಿಕೊಂಡೆ. ಪೀಠವನ್ನು ಟಸ್ಕನಿಯ ದೊರೆ ಮೂರನೇ ಕೊಸಿಮೊ ಕೊಟ್ಟದ್ದು, ಮಾಡಿದ ಶಿಲ್ಪಿ ಫ್ಲಾರೆನ್ಸ್‌ನ ಫೊಗ್ಗಿನಿ, 1698ರಲ್ಲಿ ಇಲ್ಲಿ ಜೋಡಿಸಿದರು. ಬೆಳ್ಳಿ ಪೆಟ್ಟಿಗೆ ಅದಕ್ಕಿಂತ ಹಳೆಯದು, 1636-37ರದ್ದು. ‘ಅದನ್ನು ಯಾರು ಮಾಡಿದರು?’ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು.

‘ಇಲ್ಲಿನವರೇ, ಲೋಕಲ್ ಬೆಳ್ಳಿ ಕೆಲಸದವರು’ ಎಂದು ಹೇಳಿ ಗೈಡ್ ಮುಂದಕ್ಕೆ ಹೋದರು.

ಆಗ ನನಗೆ ಅದರಲ್ಲಿ ಏನೂ ವಿಶೇಷ ಅನ್ನಿಸಲಿಲ್ಲ.

ಸನ್ಯಾಸಿನಿಯರ ಮನೆಯಲ್ಲಿ

ಬೆಸಿಲಿಕಾದಿಂದ ಗುಡ್ಡ ಹತ್ತಿ ಸ್ವಲ್ಪ ನಡೆದರೆ ಸಂತ ಅಗಸ್ಟಿನ್ ಚರ್ಚಿನ ಮುರಿದ ಗೋಪುರ ಸಿಗುತ್ತದೆ. 1931ರಲ್ಲಿ ಅದರ ಅರ್ಧ ಕುಸಿದುಬಿತ್ತು, ಇನ್ನರ್ಧ ಹಾಗೇ ಆಕಾಶಕ್ಕೆ ಚಾಚಿದೆ. ಅದನ್ನು ನೋಡುತ್ತಿರುವಾಗ ಗಾಳಿಗೆ ನನ್ನ ಛತ್ರಿ ಉಲ್ಟಾ ಆಯಿತು. ಎದುರಿಗೆ ಕಂಡ ದೊಡ್ಡ ಕಟ್ಟಡದ ಕಡೆ ಓಡಿದೆ. ಹೊರಗಿನಿಂದ ಗೋಡೆಗೆ ಭಾರೀ ಆಸರೆ ಕಂಬಗಳನ್ನು ಕೊಟ್ಟ ಕಟ್ಟಡ. ಪುಸ್ತಕದಲ್ಲಿ ಮಾತ್ರ ನೋಡಿದ್ದ ‘ಬಟ್ರೆಸ್’ ಕಣ್ಣೆದುರಿಗೆ ಇದ್ದವು. ಅದು ಸಾಂತಾ ಮೋನಿಕಾ ಕಾನ್ವೆಂಟ್. ಅದರೊಳಗೇ ಇದೆ ‘ಮ್ಯೂಸಿಯಂ ಆಫ್ ಕ್ರಿಶ್ಚಿಯನ್ ಆರ್ಟ್’. ಟಿಕೆಟ್ ತೆಗೆದುಕೊಂಡದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಮಳೆಯಿಂದ ತಪ್ಪಿಸಿಕೊಳ್ಳಲು.

ಈ ಕಾನ್ವೆಂಟ್ ಶುರುವಾದದ್ದು 1606ರಲ್ಲಿ. ಪೂರ್ವ ದೇಶಗಳಲ್ಲೇ ಸನ್ಯಾಸಿನಿಯರಿಗಾಗಿ ಕಟ್ಟಿದ ಮೊದಮೊದಲ ಮತ್ತು ದೊಡ್ಡ ಮಠಗಳಲ್ಲಿ ಇದೂ ಒಂದು. 1636ರಲ್ಲಿ ಬೆಂಕಿಗೆ ಸಿಕ್ಕಿತು, ಮತ್ತೆ ಕಟ್ಟಿದರು. 19ನೇ ಶತಮಾನದಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಮಠಗಳನ್ನೆಲ್ಲ ಮುಚ್ಚಿಸಿತು. ಪುರುಷ ಸನ್ಯಾಸಿಗಳು ಹೊರಡಬೇಕಾಯಿತು. ಸನ್ಯಾಸಿನಿಯರಿಗೆ ಮಾತ್ರ ಇರುವಷ್ಟು ಕಾಲ ಇರಲು ಬಿಟ್ಟರು, ಆದರೆ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಒಬ್ಬೊಬ್ಬರಾಗಿ ತೀರಿಕೊಳ್ಳುತ್ತ ಇಷ್ಟು ದೊಡ್ಡ ಮಠದಲ್ಲಿ ಕೊನೆಗೆ ಒಬ್ಬರೇ ಉಳಿದಿದ್ದರು. ಅವರೂ 1885ರಲ್ಲಿ ತೀರಿಕೊಂಡರು.

ಮ್ಯೂಸಿಯಂ ಬಂದದ್ದು ಬಹಳ ಆಮೇಲೆ. ಗೋವಾದ ಆರ್ಚ್‌ಡಯಾಸಿಸ್, ಇಂಟ್ಯಾಕ್ ಮತ್ತು ಪೋರ್ಚುಗಲ್‌ನ ಗುಲ್ಬೆಂಕಿಯನ್ ಫೌಂಡೇಷನ್ ಸೇರಿ 1994ರಲ್ಲಿ ರಾಚೋಲ್ ಸೆಮಿನರಿಯಲ್ಲಿ ಇದನ್ನು ಆರಂಭಿಸಿದವು. 2002ರಲ್ಲಿ ಇಲ್ಲಿಗೆ ತಂದರು. ಆಮೇಲೆ ಕೆಲವು ವರ್ಷ ಮುಚ್ಚಿ, ದುರಸ್ತಿ ಮಾಡಿ, 2022ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆದರು. ಚರ್ಚುಗಳಲ್ಲಿ ಬಳಕೆ ತಪ್ಪಿ ಮೂಲೆ ಸೇರಿದ್ದ ವಿಗ್ರಹ, ಬೆಳ್ಳಿ ಸಾಮಾನು, ಜರಿ ಬಟ್ಟೆ, ಚಿತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಕಾಪಾಡುವುದು ಉದ್ದೇಶ.

ಒಳಗೆ ಮಂದ ಬೆಳಕು. ಕರೆಂಟ್ ಉಳಿಸುತ್ತಿದ್ದಾರೇನೋ ಎಂದುಕೊಂಡೆ. ಆಮೇಲೆ ಓದಿ ತಿಳಿದದ್ದು ಬೇರೆ. ಹಳೆಯ ಬಟ್ಟೆ ಮತ್ತು ಬಣ್ಣಕ್ಕೆ ಬೆಳಕೇ ಶತ್ರು. ಅಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಮರ ಮತ್ತು ದಂತಕ್ಕೆ ತೇವಾಂಶದ ಏರುಪೇರು ಶತ್ರು. ಗೋವಾದಂಥ ಮಳೆಯ ಊರಿನಲ್ಲಿ ನಾನೂರು ವರ್ಷದ ಮರದ ಬೊಂಬೆಯನ್ನು ಬಿರುಕು ಬಿಡದಂತೆ ಇಡುವುದೂ ಎಂಜಿನಿಯರಿಂಗ್ ಕೆಲಸವೇ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬೆಳ್ಳಿ ಹಕ್ಕಿ. 17ನೇ ಶತಮಾನದ್ದು, ಪೂಜೆಯ ಪವಿತ್ರ ರೊಟ್ಟಿಯನ್ನು ಇಡಲು ಮಾಡಿದ್ದು. ಅದು ಪೆಲಿಕನ್. ತನ್ನ ಎದೆಯನ್ನು ತಾನೇ ಕುಕ್ಕಿಕೊಂಡು ರಕ್ತದಿಂದ ಮರಿಗಳನ್ನು ಸಾಕುತ್ತದೆ ಎಂಬ ಹಳೆಯ ನಂಬಿಕೆಯಿಂದ ಕ್ರೈಸ್ತರಿಗೆ ಪೆಲಿಕನ್ ತ್ಯಾಗದ ಸಂಕೇತ. ಆದರೆ ನನ್ನ ಕಣ್ಣಿಗೆ ಅದು ಪೆಲಿಕನ್ನಿನಂತೆ ಕಾಣಲೇ ಇಲ್ಲ. ನಮ್ಮೂರ ಜಾತ್ರೆಯಲ್ಲಿ ದೇವರನ್ನು ಕೂರಿಸುವ ಹಂಸವಾಹನದಂತೆ ಕಂಡಿತು. ಮಾಡಿದವನು ಜನ್ಮದಲ್ಲಿ ಪೆಲಿಕನ್ ನೋಡಿದ್ದನೋ ಇಲ್ಲವೋ, ಹಂಸವನ್ನಂತೂ ನೂರು ಸಲ ಮಾಡಿದ್ದಿರಬೇಕು.

ಮುಂದೆ ದಂತದ ಬಾಲಯೇಸು. ‘ಒಳ್ಳೆಯ ಕುರುಬ’ ಎಂಬ ರೂಪ. ಗೋವಾದ ದಂತದ ಕೆಲಸದಲ್ಲಿ ಇದು ಬಹಳ ಪ್ರಸಿದ್ಧ. ಮೆಟ್ಟಿಲು ಮೆಟ್ಟಿಲಾದ ಒಂದು ಗುಡ್ಡ, ಅದರ ತುಂಬ ಕುರಿಗಳು, ಚಿಲುಮೆ. ಗುಡ್ಡದ ತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕೆನ್ನೆಗೆ ಕೈಯಾನಿಸಿ, ಕಣ್ಣು ಮುಚ್ಚಿ ಕುಳಿತ ಹುಡುಗ. ನಿದ್ದೆಯೋ ಧ್ಯಾನವೋ ಗೊತ್ತಾಗುವುದಿಲ್ಲ. ನೋಡಿದ ಯಾರಿಗಾದರೂ ಬುದ್ಧ ನೆನಪಾಗುತ್ತಾನೆ, ಪಂಡಿತರೂ ಅದನ್ನೇ ಹೇಳುತ್ತಾರೆ. ದಂತ ಹೆಚ್ಚಾಗಿ ಬರುತ್ತಿದ್ದದ್ದು ಆಫ್ರಿಕಾದ ಪೂರ್ವ ಕರಾವಳಿಯಿಂದ, ಕಥೆ ಬಂದದ್ದು ಯುರೋಪಿನಿಂದ, ಕೂರುವ ಭಂಗಿ ಮಾತ್ರ ನಮ್ಮದು.

ಒಂದೊಂದೇ ಫಲಕ ಓದುತ್ತ ಹೋದೆ. ಯಾವ ವಸ್ತು, ಯಾವ ಶತಮಾನ, ಯಾವುದರಿಂದ ಮಾಡಿದ್ದು ಎಲ್ಲವೂ ಇತ್ತು. ನಾನು ಓದಿದ ಫಲಕಗಳಲ್ಲಿ ಮಾಡಿದವರ ಹೆಸರು ಎಲ್ಲಿಯೂ ಕಾಣಲಿಲ್ಲ. ಬೆಸಿಲಿಕಾದ ಗೈಡ್ ಮಾತು ಆಗ ನೆನಪಾಯಿತು. ‘ಇಲ್ಲಿನವರೇ, ಲೋಕಲ್ ಕೆಲಸದವರು.’

ಆಮೇಲೆ ಈ ಬಗ್ಗೆ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಕಾಲ ಸೌಮ್ಯವಾದುದಾಗಿರಲಿಲ್ಲ. ಗೋವಾದಲ್ಲಿ ದೇವಸ್ಥಾನಗಳನ್ನು ಕೆಡವಿದ್ದರು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವೂ ಬಂದಿತ್ತು. ಹಿಂದೂ ಕುಶಲಕರ್ಮಿಗಳಿಂದ ಕ್ರೈಸ್ತ ವಿಗ್ರಹ, ಚಿತ್ರ ಮಾಡಿಸಬಾರದು ಎಂದು 16ನೇ ಶತಮಾನದಲ್ಲಿ ಆಜ್ಞೆಗಳೂ ಹೊರಟವು. ಆದರೂ ಕೆಲಸ ಬಲ್ಲ ಕೈ ಬೇಕಿತ್ತಲ್ಲ? ಆಜ್ಞೆ ಪೂರ್ತಿ ಪಾಲನೆಯಾಗಲಿಲ್ಲ. ರೌಲು ಚಾಟಿಂ ಎಂಬ ಗೋವಾದ ಹಿಂದೂ ಅಕ್ಕಸಾಲಿಗನೊಬ್ಬ ಪೋರ್ಚುಗಲ್ ದೊರೆ ಮ್ಯಾನುಯೆಲ್‌ಗಾಗಿ ಕೆಲಸ ಮಾಡಲು ಲಿಸ್ಬನ್‌ಗೇ ಹೋಗಿದ್ದ. ಆದರೆ ಹಾಗೆ ಹೆಸರು ಉಳಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ‘ಇಲ್ಲಿನವರೇ.’

ನಾನು ಹೇಳಿದ ಒಂದು ಮಾತು

ಇಷ್ಟಕ್ಕೆ ನನಗೇಕೆ ಗಂಟಲು ಕಟ್ಟಬೇಕು? ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಬಡಗಿ. ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ ನಮ್ಮದು ಸಣ್ಣ ಅಂಗಡಿ. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಎಲ್ಲ ಮಾಡುತ್ತಾರೆ. ಎಳೆಯ ವಯಸ್ಸಿನಲ್ಲಿ ಶಿರಸಿಯಲ್ಲಿ ಗುಡಿಗಾರರ ಬಳಿ ಎರಡು ವರ್ಷ ಇದ್ದು ಕೆತ್ತನೆ ಕಲಿತವರು. ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಬಿಸಿನೆಸ್’ ಎಂದು ಬರೆದಿದ್ದೆ. ಅಂಗಡಿ ಇದೆಯಲ್ಲ, ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಾಲ್ಕನೇ ಸೆಮಿಸ್ಟರ್ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಅಪ್ಪ ಹೇಳದೆ ಕೇಳದೆ ಹಾಸ್ಟೆಲ್‌ಗೆ ಬಂದರು. ಹುಬ್ಬಳ್ಳಿಗೆ ಬಿಜಾಗರಿ, ಸ್ಕ್ರೂ ತರಲು ಬಂದಿದ್ದವರು ಅವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದಿದ್ದರು. ಹೆಗಲಿಗೆ ಉಳಿ-ಕೊಡತಿಯ ಚೀಲ, ಕೂದಲಲ್ಲಿ ಮರದ ಹೊಟ್ಟು. ರೂಮಿನ ಗೆಳೆಯ ‘ಯಾರೋ?’ ಎಂದ. ನನ್ನ ಬಾಯಿಂದ ಬಂದದ್ದು: ‘ನಮ್ಮೂರಿನವರು. ಬಡಗೇರು. ಮನಿಯವರು ಕಳಿಸ್ಯಾರ.’

ಅಪ್ಪ ಎರಡು ಹೆಜ್ಜೆ ದೂರದಲ್ಲಿದ್ದರು. ಅವರು ಒಂದು ಕ್ಷಣವೂ ತಡಮಾಡಲಿಲ್ಲ. ‘ಹೌದ್ರಿ, ಹುಬ್ಬಳ್ಳಿಗೆ ಬರೋದಿತ್ತು, ಕೊಟ್ಟು ಹೋಗಂದ್ರು’ ಎಂದರು. ಚೀಲ ನನ್ನ ಕೈಗಿಟ್ಟು, ನನ್ನ ಗೆಳೆಯನಿಗೆ ನಮಸ್ಕಾರ ಮಾಡಿ ಮೆಟ್ಟಿಲಿಳಿದು ಹೋದರು. ಆಮೇಲೆ ಮನೆಯಲ್ಲಾಗಲಿ ಫೋನಿನಲ್ಲಾಗಲಿ ಆ ಮಾತನ್ನು ಅವರು ಎತ್ತಿಲ್ಲ. ನಾನೂ ಎತ್ತಿಲ್ಲ.

ನಾನೂರು ವರ್ಷ ಹಿಂದಿನ ಆ ಕೆಲಸಗಾರರ ಹೆಸರನ್ನು ಯಾರೋ ಬರೆದಿಡಲಿಲ್ಲ. ನನ್ನ ಅಪ್ಪನ ಹೆಸರನ್ನು ಅಳಿಸಿದವನು ನಾನೇ.

‘ಹಿಂದ್ ಹೋಗಿ ನೋಡಿದಿ ಏನು?’

ಹೊರಗೆ ಪಡಸಾಲೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕೆಂದೇ ಮಾಡಿದ್ದು. ಆದರೆ ಅವರು ‘ಏನೋ?’ ಎಂದ ಕೂಡಲೇ ಮಾತು ಬೇರೆ ಕಡೆ ಹೊರಳಿತು. ಇಲ್ಲಿ ಹಳೆಯ ಮರದ ಮೂರ್ತಿಗಳಿವೆ, ಬಹಳ ಚೆಂದ ಇವೆ ಎಂದೆ.

‘ಯಾವ ಕಟಗಿ? ಸಾಗವಾನಿ ಏನು?’

‘ಗೊತ್ತಿಲ್ಲಪ್ಪ, ಮ್ಯಾಲೆ ಬಣ್ಣ ಹಚ್ಯಾರ.’

‘ಹಿಂದ್ ಹೋಗಿ ನೋಡಿದಿ ಏನು? ಮುಂದ ಎಲ್ಲಾರೂ ಚಂದ ಮಾಡ್ತಾರ. ಮಾಡಿದಾಂವ ಎಂಥಾಂವ ಅಂತ ತಿಳಿಯೋದು ಹಿಂದ.’

ಮತ್ತೆ ಒಳಗೆ ಹೋದೆ. ಗಾಜಿನ ಪೆಟ್ಟಿಗೆಯ ಸುತ್ತ ಬಂದು, ಬಗ್ಗಿ, ಒಬ್ಬ ಸಂತನ ಬೆನ್ನು ನೋಡಿದೆ. ಬೆನ್ನು ಟೊಳ್ಳು. ಒಳಗೆ ಉಳಿಯ ಗುರುತುಗಳು ಹಾಗೇ ಇದ್ದವು. ಒಂದರ ಪಕ್ಕ ಒಂದು, ಒಂದೇ ಅಳತೆ, ಒಂದೇ ಓರೆ. ಯಾರೂ ನೋಡದ ಜಾಗದಲ್ಲೂ ಆತ ಅವಸರ ಮಾಡಿರಲಿಲ್ಲ. ಹೊರಗೆ ಬಂದು ಅಪ್ಪನಿಗೆ ಹೇಳಿದೆ.

‘ಹಂಗಾದ್ರ ತಿಳಿದಾಂವನ ಅವ. ಒಳಗಿನ ತಿರುಳು ತಗೀಲಿಲ್ಲಂದ್ರ ಕಟಗಿ ಒಣಗಿದಂಗ ಒಡೀತದ’ ಎಂದರು. ‘ಸೀಸನಿಂಗ್ ಆಫ್ ಟಿಂಬರ್’ ಎಂಬ ಪ್ರಶ್ನೆಗೆ ನಾನು ಎರಡು ಪುಟ ಉತ್ತರ ಬರೆದವನು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ, ಅದಕ್ಕೇ ಬಿರುಕು ಬಿಡುತ್ತದೆ ಎಂದು ಚಿತ್ರ ಸಮೇತ ಬರೆದಿದ್ದೆ. ಅದು ನಮ್ಮ ಅಂಗಡಿಯಲ್ಲಿ ಪ್ರತಿದಿನ ನಡೆಯುವ ಮಾತು ಎಂದು ಹೊಳೆದಿರಲೇ ಇಲ್ಲ.

ಅಪ್ಪ ಇನ್ನೊಂದು ವಿಷಯ ಹೇಳಿದರು. ಶಿರಸಿ, ಸಾಗರ, ಸೊರಬದ ಗುಡಿಗಾರರ ಹಿರಿಯರು ಹಿಂದೆ ಗೋವಾ ಕಡೆಯಿಂದಲೇ ಬಂದವರಂತೆ, ಪೋರ್ಚುಗೀಸರ ಕಾಲದಲ್ಲಿ ಊರು ಬಿಟ್ಟವರಂತೆ. ಅವರಿಗೆ ಕಲಿಸಿದ ಗುರುಗಳು ಹೇಳುತ್ತಿದ್ದರಂತೆ. ‘ಅಂದ್ರ ನನಗ ಕಲಿಸಿದವರ ಅಣ್ಣತಮ್ಮಂದಿರು ಮಾಡಿದ್ದನ್ನ ನೀ ಅಲ್ಲಿ ನೋಡಾಕತ್ತಿ ಅಂತ ತಿಳಕೊ’ ಎಂದು ನಕ್ಕರು. ಅದು ನಿಜವೋ ಅಲ್ಲವೋ, ಅಪ್ಪನ ದನಿಯಲ್ಲಿದ್ದ ಸಂತೋಷ ಮಾತ್ರ ನಿಜ.

ಕ್ಷಮೆ ಕೇಳಲು ಬಾಯಿ ಬರಲಿಲ್ಲ. ‘ಮಳಿ ಭಾಳ ಐತಿ, ಲಗೂನ ರೂಮಿಗೆ ಹೋಗು’ ಎಂದು ಅವರು ಫೋನ್ ಇಟ್ಟರು.

ಈಗ ಐದನೇ ಸೆಮಿಸ್ಟರ್. ಪ್ಲೇಸ್‌ಮೆಂಟ್ ತರಬೇತಿ ಶುರುವಾಗಿದೆ. ಕಳೆದ ವಾರ ‘ನಿಮ್ಮ ಬಗ್ಗೆ ಹೇಳಿ’ ಎಂಬ ಅಭ್ಯಾಸ ಇತ್ತು. ಎಲ್ಲರೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದರು. ನಾನೂ ಮಾಡಿಕೊಂಡಿದ್ದೆ. ಎದ್ದು ನಿಂತಾಗ ಮಾತ್ರ, ‘ನಮ್ಮ ತಂದೆ ಬಡಗಿ, ಅವರಿಂದ ಕಟ್ಟಿಗೆ ಕೆಲಸದ ಬಗ್ಗೆ ಈಗ ಕಲಿಯುತ್ತಿದ್ದೇನೆ’ ಎಂದೆ. ಧ್ವನಿ ನಡುಗಿತು. ತರಬೇತಿ ಕೊಡುವವರು ‘ಐ ಕಾಂಟ್ಯಾಕ್ಟ್ ಸಾಲದು, ಕಾನ್ಫಿಡೆನ್ಸ್ ಬೇಕು’ ಎಂದು ಹತ್ತಕ್ಕೆ ಐದು ಅಂಕ ಕೊಟ್ಟರು. ಪರವಾಗಿಲ್ಲ, ಮುಂದಿನ ಸಲ ನಡುಗುವುದಿಲ್ಲ. ಅರ್ಜಿಯಲ್ಲಿದ್ದ ‘ಬಿಸಿನೆಸ್’ ಅನ್ನೂ ತಿದ್ದಿಸಿದ್ದೇನೆ. ಗುಮಾಸ್ತರು ವಿಚಿತ್ರವಾಗಿ ನೋಡಿದರು, ಅಷ್ಟೇ.

ನೀವೂ ಗೋವಾಕ್ಕೆ ಹೋದರೆ ಒಂದು ಅರ್ಧ ದಿನ ಹಳೆ ಗೋವಾಕ್ಕೆ ಇಡಿ. ಪಣಜಿಯಿಂದ ಸಿಟಿ ಬಸ್ ಸಿಗುತ್ತದೆ. ಕೊಂಕಣ ರೈಲಿನಲ್ಲಿ ಹೋಗುವವರಿಗೆ ಕರ್ಮಾಲಿ ನಿಲ್ದಾಣ ಹತ್ತಿರ. ಬೆಸಿಲಿಕಾ ನೋಡಿ ಎಲ್ಲರೂ ವಾಪಸ್ ಹೋಗುತ್ತಾರೆ, ನೀವು ಗುಡ್ಡ ಹತ್ತಿ ಮ್ಯೂಸಿಯಂಗೆ ಹೋಗಿ. ಒಳಗೆ ಹೋದಾಗ ಮೂರ್ತಿಗಳ ಹಿಂಭಾಗ ನೋಡುವುದನ್ನು ಮರೆಯಬೇಡಿ.

ಕೊನೆಯ ಮಾತು. ಅಪ್ಪ ಅಂಗಡಿಗೆ ಈ ಪತ್ರಿಕೆ ತರಿಸುತ್ತಾರೆ. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು, ಚಹಾ ಕುಡಿಯುತ್ತ, ಎಲ್ಲ ಪುಟ ಓದುತ್ತಾರೆ. ಫೋನಿನಲ್ಲಿ ಹೇಳಲಾಗದ್ದನ್ನು ಅದಕ್ಕೇ ಇಲ್ಲಿ ಬರೆದೆ. ಅಪ್ಪ, ಅವತ್ತು ರೊಟ್ಟಿ ತಂದವರು ಯಾರು ಎಂದು ಈಗ ನಮ್ಮ ರೂಮಿನ ಎಲ್ಲರಿಗೂ ಗೊತ್ತು. ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಮೆಟ್ಟಿಲಲ್ಲೇ ತಿರುಗಿ ಹೋಗಬೇಡಿ.